ಅಮೆರಿಕದ ವೆಟರನ್‌ಗೆ ಯಾವ ಆರೈಕೆ ಮನೆ? ರಾಜ್ಯ ಸರ್ಕಾರದ ಹೋಮ್, ವಿಎ ಹೋಮ್, ಖಾಸಗಿ ಹೋಮ್ ಹೋಲಿಸಿ ನೋಡೋಣ

ಅಮೆರಿಕದ ಸೇನೆಯಲ್ಲಿ ದುಡಿದವರಿಗೆ, ಅಂದರೆ ವೆಟರನ್‌ಗಳಿಗೆ, ವಯಸ್ಸಾಗುತ್ತದೆ. ಸ್ನಾನ ಮಾಡಿಸಲು, ಊಟ ಮಾಡಿಸಲು, ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕಾಗುತ್ತದೆ. ಆಗ ಮನೆಯವರು ಎಲ್ಲರನ್ನೂ ಕೇಳುವುದು ಒಂದೇ: ಯಾವ ಹೋಮ್ ಚೆನ್ನಾಗಿದೆ? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಅವರ ಡಿಸೆಬಿಲಿಟಿ ರೇಟಿಂಗ್ ಎಷ್ಟು ಅಂತ ತಿಳಿದುಕೊಳ್ಳಿ. ಸೇನೆಯ ಕೆಲಸದಿಂದ ಬಂದ ಗಾಯ, ಕಾಯಿಲೆಗಳಿಗೆ ಕೇಂದ್ರ ಸರ್ಕಾರದ ವೆಟರನ್ಸ್ ಅಫೇರ್ಸ್ ಇಲಾಖೆ, ಅಂದರೆ ಎಲ್ಲರೂ ಕರೆಯುವ ವಿಎ, ಕೊಡುವ ಶೇಕಡಾ ಅಂಕಿ ಅದು. ಆ ಅಂಕಿ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಣದ ಚಿಂತೆ ಬಹುಪಾಲು ಇಲ್ಲ. 70ಕ್ಕಿಂತ ಕೆಳಗಿದ್ದರೆ ಲೆಕ್ಕಾಚಾರವೇ ಬೇರೆ. ಆಗ ರಾಜ್ಯ ಸರ್ಕಾರ ನಡೆಸುವ ವೆಟರನ್ಸ್ ಹೋಮ್ ಎಷ್ಟೋ ಕುಟುಂಬಗಳಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿಯಾಗುತ್ತದೆ.

ಕನ್ನಡದ ಮನೆಗಳಿಗೆ ಈ ವಿಷಯ ದೂರದ್ದು ಅಂತ ಅನ್ನಿಸಬಹುದು. ಆದರೆ ಮಗಳು ಮದುವೆಯಾದ ಹುಡುಗನ ತಂದೆ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರಿರಬಹುದು. ನೇವಿಯಲ್ಲೋ ಆರ್ಮಿಯಲ್ಲೋ ಡಾಕ್ಟರಾಗಿದ್ದು ನಿವೃತ್ತರಾದ ದೊಡ್ಡಪ್ಪ ಇರಬಹುದು. ಅತ್ತೆ ಮಾವ ಎಲ್ಲಿರಬೇಕು ಎನ್ನುವುದನ್ನು ತೀರ್ಮಾನಿಸುವ ಹೊಣೆ ಸೊಸೆಯ ಮೇಲೋ ಮಗಳ ಮೇಲೋ ಬಂದು ಬೀಳುವುದು ಅಲ್ಲೂ ಇದೆ.

ಮುಂದೆ ಹೋಗುವ ಮೊದಲು ಎರಡು ವಿಷಯ ಸ್ಪಷ್ಟವಾಗಲಿ. ಇಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಹಾಗೆ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆ ಅಲ್ಲ. ಹಗಲು ರಾತ್ರಿ ನರ್ಸ್‌ಗಳಿರುವ, ವರ್ಷಗಟ್ಟಲೆ ಇರಬಹುದಾದ ಆರೈಕೆ ಮನೆ. ಎರಡನೆಯದು, ಭಾರತೀಯ ಸೇನೆಯಲ್ಲಿದ್ದು ನಿವೃತ್ತರಾಗಿ, ಗ್ರೀನ್ ಕಾರ್ಡ್ ಮೇಲೆ ಮಕ್ಕಳ ಜೊತೆ ಬಂದಿರುವ ಅಪ್ಪನಿಗೆ ಈ ಹೋಮ್‌ಗಳು ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ಅಮೆರಿಕದ ಸೇನೆಯ ಸೇವೆ ಮಾತ್ರ. ಮಡಿಕೇರಿಯಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹವಾಲ್ದಾರರಿಗೆ ಅಲ್ಲಿನ ಕಾರ್ಡ್ ಇಲ್ಲಿ ಕೆಲಸಕ್ಕೆ ಬಾರದು. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಓಡಾಟ ಉಳಿಯುತ್ತದೆ.

ಇರುವ ದಾರಿಗಳು

ರಾಜ್ಯದ ವೆಟರನ್ಸ್ ಹೋಮ್‌ನಿಂದ ಶುರು ಮಾಡೋಣ. ಇದರ ಮಾಲೀಕತ್ವ ರಾಜ್ಯ ಸರ್ಕಾರದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲೇ, 1864ರಲ್ಲಿ, ಕನೆಕ್ಟಿಕಟ್‌ನ ಡೇರಿಯನ್‌ನಲ್ಲಿ ಫಿಚ್ ಎಂಬ ವ್ಯಾಪಾರಿಯ ಹೆಸರಿನ ಸೈನಿಕರ ಮನೆ ಶುರುವಾಯಿತು. 1888ರಲ್ಲಿ ಅಮೆರಿಕದ ಸಂಸತ್ತು ಇಂಥ ಮನೆಗಳಲ್ಲಿದ್ದ ಒಬ್ಬೊಬ್ಬ ಸೈನಿಕನಿಗೂ ವರ್ಷಕ್ಕೆ 100 ಡಾಲರ್‌ನಂತೆ ರಾಜ್ಯಗಳಿಗೆ ಕೊಡಲು ಒಪ್ಪಿತು. ಇವತ್ತಿಗೂ ಅದೇ ಏರ್ಪಾಡು: ಮನೆ ರಾಜ್ಯದ್ದು, ಖರ್ಚಿನಲ್ಲಿ ಕೇಂದ್ರದ ಪಾಲು. ಕಟ್ಟಡ ಕಟ್ಟುವ ಖರ್ಚಿನಲ್ಲಿ 65% ವರೆಗೆ ವಿಎ ಕೊಡುತ್ತದೆ, ಉಳಿದದ್ದು ರಾಜ್ಯದ್ದು. ಒಳಗಿರುವ ವೆಟರನ್‌ಗಳಿಗೆ ದಿನಕ್ಕಿಷ್ಟು ಎಂದು ವಿಎ ಭತ್ಯೆಯನ್ನೂ ಕೊಡುತ್ತದೆ. 50 ರಾಜ್ಯಗಳಲ್ಲೂ ಪೋರ್ಟೊ ರಿಕೊದಲ್ಲೂ ಇಂಥ ಹೋಮ್‌ಗಳಿವೆ.

ಆಮೇಲೆ ವಿಎ ತಾನೇ ನಡೆಸುವ ಕಮ್ಯುನಿಟಿ ಲಿವಿಂಗ್ ಸೆಂಟರ್‌ಗಳು. ಇವು ಹೆಚ್ಚಾಗಿ ವಿಎ ಆಸ್ಪತ್ರೆಯ ಆವರಣದಲ್ಲೇ ಇರುತ್ತವೆ. ಸೊಂಟ ಮುರಿದ ಮೇಲಿನ ಚೇತರಿಕೆ, ಪಾರ್ಶ್ವವಾಯು ಆದ ಮೇಲಿನ ತರಬೇತಿ, ಕೊನೆಗಾಲದ ಆರೈಕೆ ಇವುಗಳಲ್ಲಿ ಅವು ಬಲವಾಗಿವೆ. ಹತ್ತು ಹೆಜ್ಜೆ ದೂರದಲ್ಲಿ ಹೃದಯದ ಡಾಕ್ಟರೂ ಇರುತ್ತಾರೆ. ಆದರೆ ವರ್ಷಗಟ್ಟಲೆ ಇರಲು ಹಾಸಿಗೆ ಸಿಗುವುದು ಕಷ್ಟ.

ವಿಎ ಒಪ್ಪಂದ ಮಾಡಿಕೊಂಡಿರುವ ಖಾಸಗಿ ನರ್ಸಿಂಗ್ ಹೋಮ್‌ಗಳೂ ಇವೆ. ನಿಮ್ಮ ಮನೆಯಿಂದ 15 ನಿಮಿಷದಲ್ಲಿ ಸಿಗಬಹುದು, ಅದೇ ಅದರ ದೊಡ್ಡ ಗುಣ. ವಿಎ ಸಂಬಂಧವೇ ಇಲ್ಲದೆ ಸ್ವಂತ ಹಣದಲ್ಲೋ ಮೆಡಿಕೇಡ್ ಎಂಬ, ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಲ್ಲೋ ಹೋಗುವ ಸಾಮಾನ್ಯ ಹೋಮ್‌ಗಳು ಹೇಗೂ ಇದ್ದೇ ಇವೆ.

ಮೆಡಿಕಲ್ ಫಾಸ್ಟರ್ ಹೋಮ್ ಎನ್ನುವುದನ್ನು ಬಹಳ ಜನ ಕೇಳಿಯೇ ಇಲ್ಲ. ಒಬ್ಬ ಆರೈಕೆದಾರರು ತಮ್ಮ ಸ್ವಂತ ಮನೆಯಲ್ಲಿ ಗರಿಷ್ಠ ಮೂರು ಜನರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ವಿಎ ತಂಡ ಮನೆಗೇ ಬಂದು ವೈದ್ಯಕೀಯ ಸೇವೆ ಕೊಡುತ್ತದೆ. ದೊಡ್ಡ ಕಟ್ಟಡ, ಉದ್ದ ಕಾರಿಡಾರ್ ಕಂಡರೆ ಗಾಬರಿಯಾಗುವವರಿಗೆ, ಮೆದುವಾಗಿ ಮಾತಾಡಿಸಿದರೆ ಮಾತ್ರ ಊಟ ಮಾಡುವವರಿಗೆ ಇದು ತುಂಬಾ ಹೊಂದುತ್ತದೆ. ನಿಮ್ಮ ಊರಿನಲ್ಲಿ ಇದೆಯಾ ಅಂತ ವಿಎ ಸೋಶಿಯಲ್ ವರ್ಕರ್ ಹತ್ತಿರ ತಪ್ಪದೆ ಕೇಳಿ.

ವಾಷಿಂಗ್ಟನ್ ಮತ್ತು ಮಿಸಿಸಿಪಿಯ ಗಲ್ಫ್‌ಪೋರ್ಟ್‌ನಲ್ಲಿರುವ ಆರ್ಮ್ಡ್ ಫೋರ್ಸಸ್ ರಿಟೈರ್‌ಮೆಂಟ್ ಹೋಮ್ ಕೂಡ ಇದೇ ಸಾಲಿನದು ಎಂದು ಕೆಲವರು ತಿಳಿಯುತ್ತಾರೆ. ಅಲ್ಲಿ ಸೇರುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಗಟ್ಟಿಯಾಗಿರಬೇಕು. ಈಗಾಗಲೇ ಹಾಸಿಗೆ ಹಿಡಿದವರಿಗೆ ಅದು ಅಲ್ಲ.

70 ಎನ್ನುವ ಗೆರೆ

1999ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ, 70% ಅಥವಾ ಅದಕ್ಕಿಂತ ಹೆಚ್ಚಿನ ರೇಟಿಂಗ್ ಇರುವ ವೆಟರನ್‌ಗೆ ನರ್ಸಿಂಗ್ ಹೋಮ್ ಬೇಕಾದರೆ ವಿಎ ಕೊಡಲೇಬೇಕು. ಸೇನೆಯಿಂದ ಬಂದ ಕಾಯಿಲೆಗೇ ಆರೈಕೆ ಬೇಕಾದವರಿಗೂ ಅಷ್ಟೇ. ವಿಎ ಸೆಂಟರ್‌ನಲ್ಲಾಗಲಿ, ಒಪ್ಪಂದದ ಖಾಸಗಿ ಹೋಮ್‌ನಲ್ಲಾಗಲಿ, ಇವರಿಗೆ ತಿಂಗಳ ಬಿಲ್ ಬರುವುದಿಲ್ಲ. 2006ರ ಇನ್ನೊಂದು ಕಾನೂನು ಇದೇ ಸೌಲಭ್ಯವನ್ನು ರಾಜ್ಯದ ಹೋಮ್‌ಗಳಿಗೂ ತಂದಿತು. ಅಲ್ಲಿ ಇಂಥವರ ಪೂರ್ತಿ ದರವನ್ನು ವಿಎ ಕಟ್ಟುತ್ತದೆ. ರಾಜ್ಯದ ಹೋಮ್ ಅದನ್ನೇ ಪೂರ್ಣ ಪಾವತಿ ಎಂದು ಒಪ್ಪಿಕೊಳ್ಳಬೇಕು. ಆರೈಕೆಗೆ ಮನೆಯವರಿಂದ ಮೇಲೆ ಕೇಳುವಂತಿಲ್ಲ.

ಅಂಕಿ 60ರಲ್ಲಿ ನಿಂತಿದ್ದರೆ ಸುಮ್ನೆ ಬಿಡಬೇಡಿ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ಸಂಪರ್ಕಕ್ಕೆ ಬಂದವರಿಗೆ ಸಕ್ಕರೆ ಕಾಯಿಲೆ, ಕೆಲವು ಹೃದಯದ ಕಾಯಿಲೆ, ಪಾರ್ಕಿನ್ಸನ್ ಇವು ಸೇವೆಯಿಂದಲೇ ಬಂದವು ಎಂದು ವಿಎ ಮೊದಲೇ ಒಪ್ಪಿತ್ತು. 2022ರ ಪ್ಯಾಕ್ಟ್ ಕಾಯ್ದೆ ರಕ್ತದೊತ್ತಡವನ್ನೂ ಆ ಪಟ್ಟಿಗೆ ಸೇರಿಸಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರ ಹಲವು ಶ್ವಾಸಕೋಶದ ಕಾಯಿಲೆಗಳೂ ಈಗ ಲೆಕ್ಕಕ್ಕಿವೆ. ಹತ್ತು ಹದಿನೈದು ವರ್ಷಗಳ ಹಿಂದೆ ಬಂದ ರೇಟಿಂಗ್ ಪತ್ರವನ್ನೇ ನಂಬಿ ಕುಳಿತಿರುವವರು ಮತ್ತೊಮ್ಮೆ ಅರ್ಜಿ ಹಾಕುವುದು ಒಳ್ಳೆಯದು.

ರೇಟಿಂಗ್ ಕೂಡಿಸುವ ಲೆಕ್ಕವೂ ಬೇರೆ ಥರ. 50 ಮತ್ತು 40 ಸೇರಿದರೆ 90 ಆಗುವುದಿಲ್ಲ. ಮೊದಲು 100ರಲ್ಲಿ 50 ಹೋಗುತ್ತದೆ, ಉಳಿದ 50ರಲ್ಲಿ 40%, ಅಂದರೆ 20. ಒಟ್ಟು 70. ಒಟ್ಟು 70ಕ್ಕಿಂತ ಕೆಳಗಿರುವವರು ಇನ್ನೊಂದು ಸಣ್ಣ ಕಾಯಿಲೆ ಸೇರಿದರೆ ಗೆರೆ ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಕಾಯಿಲೆಯಿಂದಾಗಿ ಯಾವ ಕೆಲಸವನ್ನೂ ಮಾಡಲು ಆಗುತ್ತಿರಲಿಲ್ಲ ಎಂದು ವಿಎ ಒಪ್ಪಿ, ಅದರ ಆಧಾರದ ಮೇಲೆ ಪೂರ್ತಿ ಅಂಗವೈಕಲ್ಯದ ದರ್ಜೆ ಕೊಟ್ಟಿದ್ದರೆ, ಅಂಕಿ 70ಕ್ಕಿಂತ ಕಡಿಮೆ ಇದ್ದರೂ ರಾಜ್ಯದ ಹೋಮ್‌ನಲ್ಲಿ ಪೂರ್ತಿ ದರ ಸಿಗುತ್ತದೆ.

ಈ ಅರ್ಜಿಗೆ ಯಾರಿಗೂ ದುಡ್ಡು ಕೊಡಬೇಡಿ. ಎಷ್ಟೋ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ವೆಟರನ್ಸ್ ಸರ್ವಿಸ್ ಆಫೀಸರ್ ಇರುತ್ತಾರೆ, ಕೆಲಸ ಉಚಿತ. ಮೊದಲ ಅರ್ಜಿ ತುಂಬಿಕೊಡಲು ಹಣ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ.

70ರ ಕೆಳಗಿದ್ದರೆ ಹಣದ ಲೆಕ್ಕ

ಬಹಳಷ್ಟು ಕುಟುಂಬಗಳು ನಿಜವಾಗಿ ಒದ್ದಾಡುವುದು ಇಲ್ಲೇ. ಎರಡು ವರ್ಷ ಸೇನೆಯಲ್ಲಿದ್ದು, ಯಾವ ಗಾಯವೂ ಇಲ್ಲದೆ ವಾಪಸ್ ಬಂದು, ಆಮೇಲೆ ನಲವತ್ತು ವರ್ಷ ಕಾರ್ಖಾನೆಯಲ್ಲೋ ಶಾಲೆಯಲ್ಲೋ ದುಡಿದವರು. ರೇಟಿಂಗ್ ಸೊನ್ನೆ. ಸ್ವಂತ ಮನೆ ಇದೆ, ಸ್ವಲ್ಪ ಉಳಿತಾಯ ಇದೆ. ಶ್ರೀಮಂತರಲ್ಲ, ಬಡವರೂ ಅಲ್ಲ.

ಖಾಸಗಿ ನರ್ಸಿಂಗ್ ಹೋಮ್‌ನ ಒಂಟಿ ಕೋಣೆಗೆ ಈಗ ವರ್ಷಕ್ಕೆ ಒಂದು ಲಕ್ಷ ಡಾಲರ್‌ಗೂ ಜಾಸ್ತಿ ಆಗುವುದು ಮಾಮೂಲು. ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದೆಯಲ್ಲ ಅಂತ ಧೈರ್ಯವಾಗಿರುವವರು ಒಂದು ವಿಷಯ ತಿಳಿಯಬೇಕು. ಆಸ್ಪತ್ರೆಯಲ್ಲಿ ಕನಿಷ್ಠ ಮೂರು ದಿನ ಒಳರೋಗಿಯಾಗಿದ್ದು ಬಂದ ಮೇಲೆ, ಚೇತರಿಕೆಗೆಂದು ಅದು ಗರಿಷ್ಠ 100 ದಿನ ಕೊಡುತ್ತದೆ. ಮೊದಲ 20 ದಿನಕ್ಕೆ ಮಾತ್ರ ಪೂರ್ತಿ. ಬರೀ ಸ್ನಾನ, ಊಟ, ಮೇಲ್ವಿಚಾರಣೆಗೆ ವರ್ಷಗಟ್ಟಲೆ ಇರುವ ಖರ್ಚನ್ನು ಅದು ಕೊಡುವುದೇ ಇಲ್ಲ. ಆಗ ಉಳಿಯುವುದು ಮೆಡಿಕೇಡ್. ಅದಕ್ಕೆ ಅರ್ಹರಾಗಲು ಎಷ್ಟೋ ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಹತ್ತಿರ ಸುಮಾರು 2,000 ಡಾಲರ್ ಮಾತ್ರ ಉಳಿಯಬೇಕು. ಅವರು ತೀರಿಕೊಂಡ ಮೇಲೆ ಕೊಟ್ಟ ಹಣವನ್ನು ಅವರ ಆಸ್ತಿಯಿಂದ ವಸೂಲಿ ಮಾಡಲು ರಾಜ್ಯ ಮುಂದಾಗುತ್ತದೆ.

ಇದರ ಪಕ್ಕದಲ್ಲಿ ರಾಜ್ಯದ ವೆಟರನ್ಸ್ ಹೋಮ್ ಇಟ್ಟು ನೋಡಿ. ರೇಟಿಂಗ್ ಇಲ್ಲದ ವೆಟರನ್‌ಗೂ ವಿಎ ದಿನದ ಭತ್ಯೆ ಬರುತ್ತದೆ. ಅದು ಖರ್ಚಿನ ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲ, ಆದರೂ ದೊಡ್ಡ ಮೊತ್ತ. ಉಳಿದದ್ದರಲ್ಲಿ ರಾಜ್ಯ ಎಷ್ಟು ಹಾಕುತ್ತದೆ, ನಿಮ್ಮಿಂದ ಎಷ್ಟು ಕೇಳುತ್ತದೆ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ ಎಂಟು ಹೋಮ್‌ಗಳನ್ನು ನಡೆಸುತ್ತದೆ. 1884ರಲ್ಲಿ ಶುರುವಾದ ಯೌಂಟ್‌ವಿಲ್ ಅವುಗಳಲ್ಲಿ ಹಳೆಯದು. ಅಲ್ಲಿ ಶುಲ್ಕ ನಿವಾಸಿಯ ಆದಾಯದ ಇಂತಿಷ್ಟು ಪಾಲು, ನರ್ಸಿಂಗ್ ಮಟ್ಟದ ಆರೈಕೆಗೆ ಪಾಲು ಜಾಸ್ತಿ. ಬೇರೆ ಕೆಲವು ರಾಜ್ಯಗಳಲ್ಲಿ ದಿನಕ್ಕೆ ನಿಗದಿತ ದರ. ಕೆಲವು ಹೋಮ್‌ಗಳು ಮೆಡಿಕೇಡ್ ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ಆದ್ದರಿಂದ ಪಕ್ಕದ ರಾಜ್ಯದಲ್ಲಿರುವ ಸ್ನೇಹಿತರು ಹೇಳಿದ ಮೊತ್ತವನ್ನು ನಂಬಿ ಲೆಕ್ಕ ಹಾಕಬೇಡಿ. ನಿಮ್ಮ ರಾಜ್ಯದ ಹೋಮ್‌ಗೇ ಫೋನ್ ಮಾಡಿ, ಶುಲ್ಕದ ವಿವರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಪಿಂಚಣಿಯ ವಿಷಯದಲ್ಲೂ ರಾಜ್ಯದ ಹೋಮ್‌ಗೆ ಒಂದು ದೊಡ್ಡ ಅನುಕೂಲ ಇದೆ. ಯುದ್ಧಕಾಲದಲ್ಲಿ ಸೇವೆ ಮಾಡಿ, ಆದಾಯ ಆಸ್ತಿ ಮಿತಿಯೊಳಗಿರುವ ವೆಟರನ್‌ಗೆ ವಿಎ ಪಿಂಚಣಿ ಇದೆ. ಆರೈಕೆ ಬೇಕಾದಾಗ ಅದರ ಮೇಲೆ ಏಡ್ ಅಂಡ್ ಅಟೆಂಡೆನ್ಸ್ ಎಂಬ ಹೆಚ್ಚುವರಿ ಮೊತ್ತ ಸೇರುತ್ತದೆ. ಹೆಂಡತಿ ಮಕ್ಕಳಿಲ್ಲದ ವೆಟರನ್ ಖಾಸಗಿ ಹೋಮ್‌ನಲ್ಲಿ ಮೆಡಿಕೇಡ್ ಮೇಲೆ ಇದ್ದರೆ ಆ ಪಿಂಚಣಿ ತಿಂಗಳಿಗೆ 90 ಡಾಲರ್‌ಗೆ ಇಳಿದುಬಿಡುತ್ತದೆ. ರಾಜ್ಯದ ವೆಟರನ್ಸ್ ಹೋಮ್‌ನಲ್ಲಿದ್ದರೆ ಈ ಕಡಿತ ಇಲ್ಲ, ಕಾನೂನೇ ಬಿಟ್ಟುಕೊಟ್ಟಿದೆ. ಪಿಂಚಣಿಯ ಹೆಚ್ಚಿನ ಪಾಲು ಹೋಮ್‌ನ ಶುಲ್ಕಕ್ಕೇ ಹೋಗಬಹುದು. ಆದರೂ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ಕೂಡಿಸಿ ಕಳೆಯುವಾಗ ಇದನ್ನು ಸೇರಿಸಲೇಬೇಕು. ಈ ಪಿಂಚಣಿಗಾಗಿ ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆಯುವ ಯೋಚನೆ ಇದ್ದರೆ ಎಚ್ಚರ. 2018ರ ಅಕ್ಟೋಬರ್‌ನಿಂದ ವಿಎ ಹಿಂದಿನ ಮೂರು ವರ್ಷಗಳ ವರ್ಗಾವಣೆಗಳನ್ನು ನೋಡುತ್ತದೆ. ಮೆಡಿಕೇಡ್ ಹೆಚ್ಚಿನ ಕಡೆ ಐದು ವರ್ಷ ನೋಡುತ್ತದೆ.

ವಿಎ ಸೆಂಟರ್‌ನಲ್ಲಿ 70ರ ಕೆಳಗಿನವರಿಗೆ ಜಾಗ ಇದ್ದರೆ ಮಾತ್ರ ಸಿಗುತ್ತದೆ. ರೇಟಿಂಗ್ ಇಲ್ಲದವರಿಗೆ ವರ್ಷದಲ್ಲಿ ಮೊದಲ 21 ದಿನ ಉಚಿತ, ಆಮೇಲೆ ಆದಾಯ ನೋಡಿಕೊಂಡು ದಿನಕ್ಕೆ 97 ಡಾಲರ್ ವರೆಗೆ. ಚೇತರಿಕೆಗೆ, ಅಥವಾ ನೋಡಿಕೊಳ್ಳುವವರಿಗೆ ಕೆಲವು ದಿನ ಬಿಡುವು ಕೊಡಲು ಇದಕ್ಕಿಂತ ಒಳ್ಳೆಯದು ಸಿಗದು. ಕೊನೆಗಾಲದ ಹಾಸ್ಪಿಸ್ ಆರೈಕೆಗೆ ವಿಎ ಏನನ್ನೂ ಕೇಳುವುದಿಲ್ಲ. ಒಪ್ಪಂದದ ಖಾಸಗಿ ಹೋಮ್‌ಗೆ ಕಳಿಸಿದರೂ 70ರ ಕೆಳಗಿನವರಿಗೆ ಸಾಮಾನ್ಯವಾಗಿ ಆರು ತಿಂಗಳ ಮಿತಿ. ಅಂದರೆ ಅದು ತಂಗುದಾಣ. ಅಷ್ಟರೊಳಗೆ ಮುಂದಿನ ಏರ್ಪಾಡು ಆಗಿರಬೇಕು.

ಗಂಡ ಹೆಂಡತಿ ಒಟ್ಟಿಗೆ ಇರಬೇಕಾದರೆ

ಇದಕ್ಕೆ ರಾಜ್ಯದ ಹೋಮ್ ಬಿಟ್ಟರೆ ಸರ್ಕಾರಿ ದಾರಿ ಬಹುತೇಕ ಇಲ್ಲ. ವಿಎ ಹಣದಲ್ಲಿ ಕಟ್ಟಿದ ಹೋಮ್‌ನಲ್ಲಿ 75% ನಿವಾಸಿಗಳು ವೆಟರನ್‌ಗಳಿರಬೇಕು. ಉಳಿದ ಜಾಗ ಹೆಂಡತಿ ಅಥವಾ ಗಂಡನಿಗೆ, ಮತ್ತು ಸೇನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಗೆ. ರಾಜ್ಯವೇ ಪೂರ್ತಿ ಸ್ವಂತ ಹಣದಲ್ಲಿ ಕಟ್ಟಿದ್ದರೆ ವೆಟರನ್‌ಗಳು ಅರ್ಧದಷ್ಟಿದ್ದರೂ ಸಾಕು. ಆದರೆ ಸಂಗಾತಿಯ ಪಾಲಿಗೆ ವಿಎ ಭತ್ಯೆ ಬರುವುದಿಲ್ಲ, ಅವರ ಶುಲ್ಕ ಜಾಸ್ತಿ ಇರುತ್ತದೆ. ವೆಟರನ್ ತೀರಿಕೊಂಡ ಮೇಲೆ ಅವರು ಅಲ್ಲೇ ಉಳಿಯಬಹುದಾ? ಈ ಪ್ರಶ್ನೆ ಕೇಳಲು ಮನಸ್ಸು ಹಿಂಜರಿಯುತ್ತದೆ. ಆದರೂ ಸೇರುವ ದಿನವೇ ಕೇಳಿ ತಿಳಿದುಕೊಳ್ಳಿ.

ಅತ್ತೆ ಮನೆಯಲ್ಲೇ ಉಳಿದು ಮಾವ ಮಾತ್ರ ಹೋಗುವುದಾದರೆ ಪ್ರಶ್ನೆ ಬೇರೆ. ಮೆಡಿಕೇಡ್ ನಿಯಮದಲ್ಲಿ ಮನೆಯಲ್ಲಿರುವ ಸಂಗಾತಿಗೆ ಇಷ್ಟು ಉಳಿತಾಯ, ಇಷ್ಟು ತಿಂಗಳ ಆದಾಯ ಉಳಿಸಿಕೊಡುವ ರಕ್ಷಣೆ ಇದೆ. ರಾಜ್ಯದ ಹೋಮ್ ಮೆಡಿಕೇಡ್ ಬಿಟ್ಟು ತನ್ನದೇ ನಿಯಮದಲ್ಲಿ ಆದಾಯದ ಪಾಲು ತೆಗೆದುಕೊಳ್ಳುವುದಾದರೆ, ಅತ್ತೆಯ ಖರ್ಚಿಗೆ ಎಷ್ಟು ಬಿಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಮಾವನ ಆರೈಕೆ ಚೆನ್ನಾಗಿ ಆಗಿ ಅತ್ತೆ ಕರೆಂಟ್ ಬಿಲ್ ಕಟ್ಟಲು ಪರದಾಡುವ ಹಾಗೆ ಆಗಬಾರದು.

ಗುಣಮಟ್ಟ: ಇಲ್ಲಿ ಕಣ್ಣು ಮುಚ್ಚಿ ನಂಬಬೇಡಿ

ರಾಜ್ಯದ ಹೋಮ್‌ಗಳನ್ನು ನಾನು ಒಳ್ಳೆಯ ದಾರಿ ಎಂದೆ. ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು: ದೇಶದಲ್ಲಿ ಕಂಡ ಅತ್ಯಂತ ನೋವಿನ ಕೆಲವು ವೈಫಲ್ಯಗಳು ಆಗಿದ್ದು ಇಂಥ ಹೋಮ್‌ಗಳಲ್ಲೇ.

ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ 2020ರ ಮಾರ್ಚ್ ಕೊನೆಯಲ್ಲಿ ಸಿಬ್ಬಂದಿ ಸಾಲದೆ ಮರೆವಿನ ಕಾಯಿಲೆಯವರ ಎರಡು ವಾರ್ಡ್‌ಗಳನ್ನು ಒಂದು ಮಾಡಿದರು. ಕೋವಿಡ್ ಬಂದವರು, ಬಾರದವರು ಎಲ್ಲ ಒಂದೇ ಕಡೆ. ಆ ವಸಂತದಲ್ಲಿ ಅಲ್ಲಿ 70ಕ್ಕೂ ಹೆಚ್ಚು ವೆಟರನ್‌ಗಳು ಸತ್ತರು. ಹೊರಗಿನ ವಕೀಲರೊಬ್ಬರ ತನಿಖಾ ವರದಿ ಆ ತೀರ್ಮಾನವನ್ನು ಕಟುವಾಗಿ ಖಂಡಿಸಿತು. 2022ರಲ್ಲಿ ರಾಜ್ಯ 56 ಮಿಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಹೋಮ್‌ನ ಮುಖ್ಯಸ್ಥರಿಗೆ ಆರೋಗ್ಯ ಸಂಸ್ಥೆ ನಡೆಸಿದ ಅನುಭವ ಇರಲಿಲ್ಲ. ಮೆಡಿಕೇರ್ ಮಾನ್ಯತೆ ಇಲ್ಲದ್ದರಿಂದ ಆ ಕಡೆಯ ತಪಾಸಣೆಯೂ ಇರಲಿಲ್ಲ.

ಹಾಗಾದರೆ ಮೆಡಿಕೇರ್ ಮಾನ್ಯತೆ ಇದ್ದರೆ ಸಾಕಾ? ನ್ಯೂಜೆರ್ಸಿ ನೋಡಿ. ನಮ್ಮ ದೇಶದವರು ತುಂಬಿರುವ ಎಡಿಸನ್‌ನಲ್ಲೇ ಮೆನ್ಲೋ ಪಾರ್ಕ್ ವೆಟರನ್ಸ್ ಹೋಮ್ ಇದೆ, ಇನ್ನೊಂದು ಪರಾಮಸ್‌ನಲ್ಲಿ. ಎರಡಕ್ಕೂ ಮಾನ್ಯತೆ ಇತ್ತು. ಕೋವಿಡ್‌ನಲ್ಲಿ ಎರಡೂ ಕಡೆ ಸೇರಿ ನೂರಾರು ಸಾವುಗಳಾದವು. 2023ರಲ್ಲಿ ಕೇಂದ್ರದ ನ್ಯಾಯಾಂಗ ಇಲಾಖೆ, ಸೋಂಕು ತಡೆ ಮತ್ತು ವೈದ್ಯಕೀಯ ಆರೈಕೆ ಎರಡರಲ್ಲೂ ಅಲ್ಲಿನ ನಿವಾಸಿಗಳ ಸಂವಿಧಾನದ ಹಕ್ಕಿಗೇ ಧಕ್ಕೆಯಾಗಿದೆ ಎಂದು ವರದಿ ಕೊಟ್ಟಿತು. ಇಲಿನಾಯ್‌ನ ಕ್ವಿನ್ಸಿ ಹೋಮ್‌ನಲ್ಲಿ 2015ರಲ್ಲಿ ಹಳೆಯ ನೀರಿನ ಕೊಳವೆಗಳಲ್ಲಿ ಬೆಳೆದ ಲೀಜನೆಲ್ಲಾ ಬ್ಯಾಕ್ಟೀರಿಯಾದಿಂದ 12 ಜನ ತೀರಿಕೊಂಡರು.

ಇವನ್ನು ಹೆದರಿಸಲು ಹೇಳುತ್ತಿಲ್ಲ. ಒಂದೊಂದು ದುರಂತವೂ ನಾವು ಏನು ಕೇಳಬೇಕು ಎಂದು ಕಲಿಸುತ್ತದೆ. ಹೋಮ್‌ನ ಆಡಳಿತಾಧಿಕಾರಿಗೆ ನರ್ಸಿಂಗ್ ಹೋಮ್ ನಡೆಸುವ ಲೈಸೆನ್ಸ್ ಇದೆಯಾ? ಸಿಬ್ಬಂದಿ ಕಡಿಮೆಯಾದ ದಿನ ಏನು ಮಾಡುತ್ತೀರಿ, ಹೊರಗಿನ ಏಜೆನ್ಸಿಯಿಂದ ಕರೆಸುತ್ತೀರಾ, ವಾರ್ಡ್ ಮುಚ್ಚುತ್ತೀರಾ? ಹಳೆಯ ಕಟ್ಟಡವಾದರೆ ನೀರಿನ ಪರೀಕ್ಷೆ ಯಾವಾಗ ಆಗಿತ್ತು? ಒಬ್ಬರಿಗೆ ಜ್ವರ ಬಂದರೆ ಬೇರೆ ಇಡಲು ಒಂಟಿ ಕೋಣೆಗಳಿವೆಯಾ? ಒಳ್ಳೆಯ ಹೋಮ್‌ನವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ.

ನಿಯಮದಲ್ಲಿ ರಾಜ್ಯದ ಹೋಮ್‌ಗಳು ಕೆಲವು ವಿಷಯದಲ್ಲಿ ಮುಂದಿವೆ. ವಿಎ ಭತ್ಯೆ ಪಡೆಯುವ ನರ್ಸಿಂಗ್ ಹೋಮ್‌ನಲ್ಲಿ ವಾರದ ಏಳೂ ದಿನ, 24 ಗಂಟೆಯೂ ರಿಜಿಸ್ಟರ್ಡ್ ನರ್ಸ್ ಇರಬೇಕು. ಒಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 2.5 ಗಂಟೆಯ ನರ್ಸಿಂಗ್ ಆರೈಕೆ ಸಿಗಬೇಕು. ಸಾಮಾನ್ಯ ಹೋಮ್‌ಗಳಿಗೆ ಮೆಡಿಕೇರ್ ಬಹುಕಾಲದಿಂದ ಕೇಳುತ್ತಿರುವುದು ದಿನಕ್ಕೆ 8 ಗಂಟೆ ರಿಜಿಸ್ಟರ್ಡ್ ನರ್ಸ್. ಆದರೆ 2.5 ಗಂಟೆ ಎನ್ನುವುದು ಕೆಳಗಿನ ಮಿತಿ. ಪೂರ್ತಿ ಹಾಸಿಗೆ ಹಿಡಿದವರಿಗೆ ಅದು ಸಾಲದು. ಈ ಹೋಮ್‌ನಲ್ಲಿ ನಿಜಕ್ಕೂ ಎಷ್ಟು ಗಂಟೆ ಸಿಗುತ್ತಿದೆ ಎಂದು ಕೇಳಿ.

ವಿಎ ಪ್ರತಿ ವರ್ಷ ರಾಜ್ಯದ ಹೋಮ್‌ಗಳನ್ನು ತಪಾಸಣೆ ಮಾಡುತ್ತದೆ. ಇತ್ತೀಚಿನ ವರದಿಯನ್ನು ತೋರಿಸಿ ಎಂದು ಹೋಮ್‌ನವರನ್ನೇ ಕೇಳಿ. ಮೆಡಿಕೇರ್ ಮಾನ್ಯತೆ ಇರುವ ಹೋಮ್ ಆದರೆ ಮೆಡಿಕೇರ್‌ನ ಕೇರ್ ಕಂಪೇರ್ ಜಾಲತಾಣದಲ್ಲಿ ನಕ್ಷತ್ರ, ಸಿಬ್ಬಂದಿ ಸಂಖ್ಯೆ, ದಂಡ ಎಲ್ಲ ಸಿಗುತ್ತದೆ. ನಾನು ನಕ್ಷತ್ರಕ್ಕಿಂತ ಸಿಬ್ಬಂದಿಯ ಸಾಲು ನೋಡಿ ಎನ್ನುತ್ತೇನೆ, ಅದರಲ್ಲೂ ಶನಿವಾರ ಭಾನುವಾರದ್ದು. ವರ್ಷದಲ್ಲಿ ಎಷ್ಟು ನರ್ಸ್‌ಗಳು ಕೆಲಸ ಬಿಟ್ಟು ಹೋದರು ಎನ್ನುವ ಅಂಕಿ ಬಹಳ ಮಾತಾಡುತ್ತದೆ. ಇದರ ಜೊತೆಗೆ ಪ್ರತಿ ರಾಜ್ಯದಲ್ಲೂ ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್ ಇದ್ದಾರೆ. ನಿವಾಸಿಗಳ ದೂರು ಕೇಳುವುದೇ ಅವರ ಕೆಲಸ. ಸೇರುವ ಮೊದಲೇ ಅವರಿಗೆ ಒಂದು ಫೋನ್ ಮಾಡಬಹುದು.

ಸರ್ಕಾರಿ ಎಂದ ಮಾತ್ರಕ್ಕೆ ಒಳಗಿರುವವರೆಲ್ಲ ಸರ್ಕಾರಿ ನೌಕರರು ಎಂದುಕೊಳ್ಳಬೇಡಿ. ಟೆಕ್ಸಸ್‌ನಲ್ಲಿ ಹೋಮ್ ರಾಜ್ಯದ್ದು, ದಿನನಿತ್ಯ ನಡೆಸುವುದು ಗುತ್ತಿಗೆ ಪಡೆದ ಖಾಸಗಿ ಕಂಪನಿ. ಇದರಿಂದಲೇ ಆರೈಕೆ ಕೆಟ್ಟದು ಅಂತ ಅಲ್ಲ. ಕಂಪನಿ ಯಾವುದು, ಗುತ್ತಿಗೆ ಇತ್ತೀಚೆಗೆ ಬದಲಾಯಿತಾ, ಬದಲಾದಾಗ ಹಳೆಯ ನರ್ಸ್‌ಗಳು ಉಳಿದರಾ ಎನ್ನುವುದು ತಿಳಿಯಬೇಕು, ಅಷ್ಟೇ.

ಸಾಧ್ಯವಾದರೆ ಎರಡು ಸಲ ಹೋಗಿ. ಒಮ್ಮೆ ಅವರು ಕರೆದ ಹೊತ್ತಿಗೆ, ಇನ್ನೊಮ್ಮೆ ಭಾನುವಾರ ಸಂಜೆ ಊಟದ ಹೊತ್ತಿಗೆ. ತಾವೇ ತಿನ್ನಲಾರದವರ ಪಕ್ಕದಲ್ಲಿ ಯಾರಾದರೂ ಕೂತು ತಿನ್ನಿಸುತ್ತಿದ್ದಾರಾ ನೋಡಿ. ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಗಮನಿಸಿ. ನಿಮ್ಮವರು ಮಾಂಸ ತಿನ್ನದವರಾದರೆ ಅಡುಗೆಯವರನ್ನೇ ಮಾತಾಡಿಸಿ. ಬೇಯಿಸಿದ ತರಕಾರಿ, ಬ್ರೆಡ್ಡು ದಿನಾ ಕೊಟ್ಟು ಸಸ್ಯಾಹಾರ ಎಂದರೆ ಸಾಲದು. ಬೇಳೆ, ಮೊಸರು, ಅನ್ನ ಇಷ್ಟನ್ನಾದರೂ ಕೊಡುತ್ತಾರಾ, ಮನೆಯಿಂದ ಸಾರು ತಂದರೆ ಬಿಸಿ ಮಾಡಿ ಕೊಡುತ್ತಾರಾ ಕೇಳಿ. ವಯಸ್ಸಾದವರು ಊಟ ಬಿಟ್ಟರೆ ಬೇಗ ಸೊರಗುತ್ತಾರೆ.

ದೂರ

ಸೈನಿಕರ ಜೊತೆ ಸೈನಿಕರು ಇರುವುದರಲ್ಲಿ ನಿಜವಾದ ಹಿತ ಇದೆ. ಮಕ್ಕಳ ಹತ್ತಿರ ಐವತ್ತು ವರ್ಷ ಹೇಳದ ಮಾತನ್ನು ಪಕ್ಕದ ಹಾಸಿಗೆಯವರ ಹತ್ತಿರ ಹೇಳುತ್ತಾರೆ. ಯುದ್ಧದ ಕನಸು ಬಿದ್ದು ರಾತ್ರಿ ಕೂಗಿದರೆ ಅಲ್ಲಿನ ಸಿಬ್ಬಂದಿಗೆ ಅದು ಹೊಸದಲ್ಲ. ಖಾಸಗಿ ಹೋಮ್‌ನಲ್ಲಿ ಇದು ಸಿಗುವುದು ಅಪರೂಪ.

ಆದರೂ ರಾಜ್ಯದ ಹೋಮ್ ಮೂರು ಗಂಟೆ ದೂರದಲ್ಲಿದ್ದು, ಸಾಧಾರಣವಾಗಿ ಒಳ್ಳೆಯ ಖಾಸಗಿ ಹೋಮ್ ಮನೆಯ ಹತ್ತಿರ ಇದ್ದು, ಹಣದ ಏರ್ಪಾಡು ಎರಡರಲ್ಲೂ ಆಗುವುದಾದರೆ ನಾನು ಹತ್ತಿರದ್ದನ್ನೇ ಆರಿಸುತ್ತೇನೆ. ಮನೆಯವರು ವಾರಕ್ಕೆ ಮೂರು ಸಲ ಬಂದು ಹೋಗುವ ನಿವಾಸಿಯ ಬೆನ್ನಿನ ಹುಣ್ಣು ಬೇಗ ಕಣ್ಣಿಗೆ ಬೀಳುತ್ತದೆ. ಕಳೆದುಹೋದ ಹಿಯರಿಂಗ್ ಏಡ್ ಬೇಗ ಸಿಗುತ್ತದೆ. ಮರೆವಿನ ಕಾಯಿಲೆಯವರ ವಿಷಯದಲ್ಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ತಮಗೆ ಏನಾಗಿದೆ ಎಂದು ಅವರು ತಾವೇ ಹೇಳಲಾರರು. ರಾಜ್ಯದ ಎಲ್ಲ ಹೋಮ್‌ಗಳಲ್ಲೂ ಬೀಗ ಇರುವ ಮೆಮರಿ ಕೇರ್ ವಾರ್ಡ್ ಇರುವುದಿಲ್ಲ. ಮನೆಯಿಂದ ಹೊರಗೆ ನಡೆದು ಹೋಗುವ ಅಭ್ಯಾಸ ಶುರುವಾಗಿದ್ದರೆ ಮೊದಲು ಅದನ್ನೇ ಕೇಳಿ.

ಇನ್ನೂ ಅಷ್ಟು ಹದಗೆಟ್ಟಿಲ್ಲ ಎಂದರೆ ಹೋಮ್ ಬೇಡವೇ ಬೇಡ. ವೆಟರನ್ ಡೈರೆಕ್ಟೆಡ್ ಕೇರ್ ಎಂಬ ಯೋಜನೆಯಲ್ಲಿ ವಿಎ ತಿಂಗಳಿಗೊಂದು ಬಜೆಟ್ ಕೊಡುತ್ತದೆ. ಅದರಲ್ಲಿ ಬೇಕಾದವರನ್ನು, ಮನೆಯವರನ್ನೂ ಕೂಡ, ಸಂಬಳಕ್ಕೆ ಇಟ್ಟುಕೊಳ್ಳಬಹುದು. ಕೆಲಸ ಬಿಟ್ಟು ಮಾವನನ್ನು ನೋಡಿಕೊಳ್ಳುತ್ತಿರುವ ಸೊಸೆಗೆ ಇದು ಗೊತ್ತಿರಬೇಕು. 2025ರ ಜನವರಿಯಲ್ಲಿ ಸಹಿಯಾದ ಎಲಿಜಬೆತ್ ಡೋಲ್ ಹೆಸರಿನ ಕಾಯ್ದೆ, ಮನೆಯ ಆರೈಕೆಗೆ ವಿಎ ಕೊಡಬಹುದಾದ ಮಿತಿಯನ್ನು ನರ್ಸಿಂಗ್ ಹೋಮ್ ಖರ್ಚಿನ 65%ನಿಂದ 100%ಗೆ ಏರಿಸಿತು.

ಕಾಗದ ಪತ್ರ, ಕಾಯುವಿಕೆ, ಸಹಿ

ಯಾವ ದಾರಿಗೂ ಮೊದಲು ಬೇಕಾದದ್ದು ಡಿಡಿ-214, ಅಂದರೆ ಸೇನೆಯಿಂದ ಬಿಡುಗಡೆಯಾದ ಪತ್ರ. ಕಳೆದಿದ್ದರೆ ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ದಾಖಲೆ ಕೇಂದ್ರಕ್ಕೆ ಬರೆದು ತರಿಸಬಹುದು. 1973ರ ಜುಲೈನಲ್ಲಿ ಅಲ್ಲಿ ಬಿದ್ದ ಬೆಂಕಿಯಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಕಡತಗಳು ಸುಟ್ಟವು. 1960ಕ್ಕಿಂತ ಮೊದಲು ಆರ್ಮಿ ಬಿಟ್ಟವರದ್ದು ಬಹುಪಾಲು ಹೋಗಿದೆ. ಅಂಥವರಿಗೆ ಬೇರೆ ದಾಖಲೆಗಳಿಂದ ಸೇವೆಯನ್ನು ಸಾಬೀತು ಮಾಡುವ ದಾರಿ ಇದೆ, ಆದರೆ ತಿಂಗಳುಗಳು ಬೇಕು. ಮದುವೆಯ ಪತ್ರ, ಆದಾಯದ ಲೆಕ್ಕ, ಡಾಕ್ಟರ್ ವರದಿ ಇವನ್ನೂ ಈಗಲೇ ಒಂದು ಕಡೆ ಇಡಿ. ಆ ರಾಜ್ಯದಲ್ಲಿ ಇಷ್ಟು ಕಾಲ ವಾಸ ಮಾಡಿರಬೇಕು ಎಂಬ ನಿಯಮ ಕೆಲವು ರಾಜ್ಯಗಳಲ್ಲಿದೆ. ಮಗಳ ಹತ್ತಿರ ಇರಲಿ ಎಂದು ಮಾವನನ್ನು ಬೇರೆ ರಾಜ್ಯಕ್ಕೆ ಕರೆತರುವ ಮೊದಲೇ ಇದನ್ನು ನೋಡಿಕೊಳ್ಳಿ.

ಒಳ್ಳೆಯ ಹೋಮ್‌ಗಳಿಗೆ ಕಾಯುವ ಪಟ್ಟಿ ಇರುತ್ತದೆ. ಬಿದ್ದು ಆಸ್ಪತ್ರೆ ಸೇರಿದ ಮೇಲೆ ಅರ್ಜಿ ಹಾಕಿದರೆ, ಬಿಡುಗಡೆಯ ದಿನ ಯಾವ ಖಾಸಗಿ ಹೋಮ್‌ನಲ್ಲಿ ಹಾಸಿಗೆ ಇದೆಯೋ ಅಲ್ಲಿಗೇ ಹೋಗಬೇಕಾಗುತ್ತದೆ. ಮೊದಲ ಸಲ ಅಡುಗೆಮನೆಯಲ್ಲಿ ಜಾರಿದಾಗಲೇ ಅರ್ಜಿ ಹಾಕಿ. ಒಂದಕ್ಕಿಂತ ಹೆಚ್ಚು ಹೋಮ್‌ಗಳಿಗೆ ಹಾಕಿ. ಹಾಸಿಗೆ ಬಂದಾಗ ಈಗ ಬೇಡ ಎಂದರೆ ಪಟ್ಟಿಯಲ್ಲಿ ಜಾಗ ಉಳಿಯುತ್ತದಾ, ಕೊನೆಗೆ ಹೋಗುತ್ತದಾ ಎಂದೂ ಕೇಳಿಕೊಳ್ಳಿ. ಒಳಗೆ ಸೇರಿದ ಮೇಲೆ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಉಳಿಯುತ್ತದಾ ಎನ್ನುವುದು ಇನ್ನೊಂದು ಪ್ರಶ್ನೆ. ಹೋಮ್ 90% ತುಂಬಿದ್ದರೆ ಸತತ 10 ದಿನದವರೆಗೆ ವಿಎ ಆ ಹಾಸಿಗೆಗೆ ಭತ್ಯೆ ಕೊಡುತ್ತದೆ. ಅದರ ಮೇಲಾದರೆ ಖರ್ಚು ಯಾರದ್ದು ಎಂದು ಕರಾರಿನಲ್ಲಿ ಹುಡುಕಿ.

ಪವರ್ ಆಫ್ ಅಟಾರ್ನಿ ಮಾಡಿಸಿದರೆ ಎಲ್ಲ ಆಯಿತು ಎಂದುಕೊಳ್ಳಬೇಡಿ. ಬ್ಯಾಂಕಿಗೆ, ಆಸ್ಪತ್ರೆಗೆ ಅದು ಬೇಕೇ ಬೇಕು. ಆದರೆ ವಿಎ ಹಣವನ್ನು ವೆಟರನ್ ಪರವಾಗಿ ನೋಡಿಕೊಳ್ಳಲು ಆ ಪತ್ರವನ್ನು ವಿಎ ಒಪ್ಪುವುದಿಲ್ಲ. ತಾನೇ ಒಬ್ಬ ಫಿಡುಷಿಯರಿಯನ್ನು, ಅಂದರೆ ಆ ಹಣ ನೋಡಿಕೊಳ್ಳುವವರನ್ನು, ನೇಮಿಸುತ್ತದೆ, ಅದಕ್ಕೂ ಸಮಯ ಹಿಡಿಯುತ್ತದೆ.

ಸೇರುವ ದಿನ ಮುಂದಿಡುವ ಕಾಗದಗಳಲ್ಲಿ ಜವಾಬ್ದಾರ ವ್ಯಕ್ತಿ ಎಂಬ ಜಾಗ ಇರಬಹುದು. ಮೆಡಿಕೇರ್ ಅಥವಾ ಮೆಡಿಕೇಡ್ ಮಾನ್ಯತೆ ಇರುವ ಹೋಮ್, ಬಿಲ್ ಕಟ್ಟುವ ಹೊಣೆಯನ್ನು ಮಗ ಮಗಳು ಸ್ವಂತವಾಗಿ ಹೊರಲೇಬೇಕು ಎಂದು ಸೇರ್ಪಡೆಗೆ ಷರತ್ತು ಹಾಕುವಂತಿಲ್ಲ. ಕೇಂದ್ರದ ಕಾನೂನು ಅದನ್ನು ನಿಷೇಧಿಸಿದೆ. ಮಾವನ ಹಣದಿಂದ ಮಾವನ ಪರವಾಗಿ ಕಟ್ಟುವ ಪ್ರತಿನಿಧಿ ಎಂದು ಮಾತ್ರ ಬರೆದು ಸಹಿ ಹಾಕಿ. ಕಾಗದ ದೊಡ್ಡದಿದ್ದರೆ ಮನೆಗೆ ತಂದು ಓದಿ, ಓದಿದ ಮೇಲೆಯೇ ಸಹಿ ಮಾಡಿ.